ಹಟ್ಟಿಯ ಕೆಲಸ ಮತ್ತು ಮನೆಯ ಬಾಳು: ಕನ್ನಡ ಸಾಹಿತ್ಯದ ಒಂದು ಮರೆತ ಲೆಕ್ಕ

ಹಟ್ಟಿ ಎಂಬ ಶಬ್ದಕ್ಕೆ ನಾಡಿನ ಎಲ್ಲೆಡೆಯೂ ಒಂದೇ ಅರ್ಥವಿಲ್ಲ. ಕರಾವಳಿಯವರಿಗೆ ಹಟ್ಟಿಯೆಂದರೆ ದನ ಕಟ್ಟುವ ಕೊಟ್ಟಿಗೆ. ಚಿತ್ರದುರ್ಗ, ತುಮಕೂರುಗಳ ಬಯಲಿನಲ್ಲಿ ಅದು ಗೊಲ್ಲರು ಕೂಡಿ ವಾಸಿಸುವ ಊರು. ದನದ ತಾಣಕ್ಕೂ ಜನದ ತಾಣಕ್ಕೂ ಭಾಷೆ ಒಂದೇ ಹೆಸರನ್ನು ಸಾಕೆಂದು ತಿಳಿದಿದ್ದರೆ ಅದು ಆಕಸ್ಮಿಕವಲ್ಲ. ಕಲಬುರಗಿ, ಬೀದರ, ವಿಜಯಪುರದ ಕಡೆಯ ಹಳೆಯ ಮನೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ತಲೆಬಾಗಿಲು ದಾಟಿದೊಡನೆ ಎದುರಾಗುವುದು ದನ ಕಟ್ಟುವ ತಗ್ಗಿನ ಜಾಗ. ಅದಕ್ಕಿಂತ ಒಂದೆರಡು ಮೊಳ ಎತ್ತರದಲ್ಲಿ ಪಡಸಾಲೆ. ಗೋದಲಿಯ ಮುಂದೆ ನಿಂತ ಎತ್ತು ಮೆಲುಕಾಡುವ ಸದ್ದು ಪಡಸಾಲೆಯಲ್ಲಿ ಮಲಗಿದವನ ಕಿವಿಗೆ ರಾತ್ರಿಯೆಲ್ಲ ಬೀಳುತ್ತಿರುತ್ತದೆ. ಅಂಥ ಮನೆಯಲ್ಲಿ ಕುಟುಂಬ ಎಲ್ಲಿಗೆ ಮುಗಿಯಿತು, ಕೊಟ್ಟಿಗೆ ಎಲ್ಲಿಂದ ಮೊದಲಾಯಿತು ಎಂದು ಗೆರೆಯೆಳೆಯುವುದು ಕಷ್ಟ.

ಹೀಗಿದ್ದೂ ನಮ್ಮ ವಿಮರ್ಶೆ ದನವನ್ನು ಕಂಡಿರುವುದು ಬಹುಮಟ್ಟಿಗೆ ಸಂಕೇತವಾಗಿ. ಹಸು ಎಂದರೆ ಸತ್ಯ, ಎತ್ತು ಎಂದರೆ ಭೂಮಿಯ ಹಂಬಲ, ಹುಂಜ ಎಂದರೆ ಬಡವರ ಆಸೆ. ಈ ಅರ್ಥಗಳು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಸಂಕೇತಕ್ಕೆ ಹುಲ್ಲು ಹಾಕಬೇಕಾಗಿಲ್ಲ, ಅದರ ಸಗಣಿ ಬಾಚಬೇಕಾಗಿಲ್ಲ. ನಿಜವಾದ ದನಕ್ಕೆ ದಿನವೂ ಇವೆರಡೂ ಆಗಬೇಕು. ಹಬ್ಬವಿರಲಿ, ಬಾಣಂತನವಿರಲಿ, ಮನೆಯಲ್ಲಿ ಸಾವಾಗಿರಲಿ, ಹೊತ್ತಿಗೆ ಸರಿಯಾಗಿ ಕೆಚ್ಚಲು ತುಂಬಿ ಹಸು ಕೂಗುತ್ತದೆ. ಆ ಕೂಗಿಗೆ ಮನೆಯಲ್ಲಿ ಎದ್ದುಹೋಗುವವರು ಯಾರು? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನಮಗೆ ಪರಿಚಿತವಾದ ಕೆಲವು ಕೃತಿಗಳನ್ನು ಮತ್ತೆ ಓದಿದರೆ, ಅವುಗಳ ಬೆಲೆ ಕೆಲವೆಡೆ ಏರುತ್ತದೆ, ಒಂದೆರಡು ಕಡೆ ಇಳಿಯುತ್ತದೆ.

ಹಳೆಯ ಕಾವ್ಯದಿಂದ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ. ಕ್ರಿ.ಶ. 941ರ ಪಂಪನ ವಿಕ್ರಮಾರ್ಜುನ ವಿಜಯದಲ್ಲಿಯೂ ಅನಂತರ ಕುಮಾರವ್ಯಾಸನ ವಿರಾಟಪರ್ವದಲ್ಲಿಯೂ ದನಗಳು ಬರುತ್ತವೆ. ಆದರೆ ಅವು ಬರುವುದು ಶತ್ರುಗಳು ಅವನ್ನು ಹಿಡಿದಾಗ. ತುರುಗೋಳಿನ ವೀರಗಲ್ಲುಗಳ ಮಾತೂ ಇದೇ. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು ಮತ್ತು ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ದನವನ್ನು ಮರಳಿ ತರಲು ಸತ್ತವನಿಗೆ ಕಲ್ಲು ನಿಂತಿತು. ಹಾಗೆ ಮರಳಿ ಬಂದ ದನಕ್ಕೆ ಆ ಸಂಜೆ ನೀರು ತೋರಿಸಿದವಳಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಇದು ಬರಿಯ ಹಳೆಯ ಕಾಲದ ಸಂಗತಿಯೆಂದು ತಿಳಿಯಬೇಕಾಗಿಲ್ಲ. ನಮ್ಮ ನಾರಾಯಣಗೂಡದಲ್ಲಿಯೇ ದೀಪಾವಳಿಯ ಬೆನ್ನಿಗೆ ಯಾದವರು ನಡೆಸುವ ಸದರ್ ಉತ್ಸವವನ್ನು ನೋಡಿದವರೆಲ್ಲ ಬಲ್ಲರು. ಎಣ್ಣೆ ಹಚ್ಚಿ ಮಿರಮಿರನೆ ಮಿಂಚುವ, ಹೂಮಾಲೆ ತೊಟ್ಟ ಭಾರಿ ಕೋಣಗಳು ವಾದ್ಯದ ನಡುವೆ ಮೆರೆಯುತ್ತವೆ, ಹಿಂಗಾಲ ಮೇಲೆ ಎದ್ದು ನಿಲ್ಲುತ್ತವೆ. ನೋಟ ಸೊಗಸಾದುದು. ಆದರೆ ಮನೆ ನಡೆಸುವ ಹಾಲು ಕೊಡುವ ಎಮ್ಮೆ ಆ ಮೆರವಣಿಗೆಯಲ್ಲಿ ಇರುವುದಿಲ್ಲ. ಅದು ಕೊಟ್ಟಿಗೆಯಲ್ಲಿಯೇ ಇರುತ್ತದೆ, ಅದನ್ನು ಹಿಂಡುವವರ ಜೊತೆಗೆ.

ಹನ್ನೆರಡನೆಯ ಶತಮಾನದಲ್ಲಿ ಒಂದು ಬದಲಾವಣೆ ಕಾಣುತ್ತದೆ. ನಾವು ಮುಂಬಯಿಯ ದಾರಿಯಲ್ಲಿ ದಾಟಿಹೋಗುವ ಬಸವಕಲ್ಯಾಣದ ನೆಲದಲ್ಲಿ ತುರುಗಾಹಿ ರಾಮಣ್ಣನೆಂಬ ಶರಣನಿದ್ದ. ದನ ಕಾಯುವುದು ಅವನ ಕಾಯಕ, ಗೋಪತಿನಾಥ ವಿಶ್ವೇಶ್ವರಲಿಂಗ ಅವನ ಅಂಕಿತ. ದನ ಕಾಯುವವನು ತನ್ನ ಕೆಲಸದ ಮಾತಿನಲ್ಲಿಯೇ ತತ್ತ್ವವನ್ನು ನುಡಿದುದು ದೊಡ್ಡ ಸಂಗತಿ. ಆದರೂ ಅವನು ಬಯಲಿನ ಕಾವಲುಗಾರ. ಅವನ ಮನೆಯ ಒಲೆ ನಮಗೆ ಕಾಣುವುದಿಲ್ಲ.

ಮನೆಯೂ ಬಯಲೂ ಒಂದಕ್ಕೊಂದು ಎದುರಾಗಿ ನಿಲ್ಲುವುದು ಗೋವಿನ ಹಾಡಿನಲ್ಲಿ. ಇದನ್ನು ಸತ್ಯವಾಕ್ಯದ ಕಥೆಯೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಸತ್ಯದ ಮಾತನ್ನು ಸ್ವಲ್ಪ ಬದಿಗಿಟ್ಟು, ಪುಣ್ಯಕೋಟಿಯ ದಿನಚರಿಯನ್ನು ನೋಡೋಣ. ಬೆಳಗ್ಗೆ ಮೇವಿಗೆ ಹೊರಡಬೇಕು, ಏಕೆಂದರೆ ಮೇಯದೆ ಹಾಲಿಲ್ಲ. ಸಂಜೆ ಹೊತ್ತಿಗೆ ತಪ್ಪದೆ ಹಿಂದಿರುಗಬೇಕು, ಏಕೆಂದರೆ ದೊಡ್ಡಿಯಲ್ಲಿ ಕರು ಹಸಿದಿದೆ. ಹೊರಗೆ ದುಡಿದು ಒಳಗೆ ಉಣಿಸುವ ತಾಯಿಯ ದಿನ ಇದು. ಹುಲಿ ಅಡ್ಡಗಟ್ಟಿದಾಗ ಅವಳು ಕೇಳುವುದು ಜೀವವನ್ನಲ್ಲ, ಒಂದು ಹೊತ್ತಿನ ಬಿಡುವನ್ನು. ಮನೆಗೆ ಬಂದಮೇಲೆ ಮಾಡುವ ಕೆಲಸವೂ ಗಮನಾರ್ಹ: ಕರುವಿಗೆ ಹಾಲೂಡಿಸುವುದು, ಅನಂತರ ಉಳಿದ ಹಸುಗಳನ್ನು ಅಕ್ಕತಂಗಿಯರೆಂದು ಕರೆದು ಕರುವನ್ನು ಅವರ ಕೈಗೆ ಒಪ್ಪಿಸುವುದು, ಅದು ಹತ್ತಿರ ಬಂದರೆ ಹಾಯಬೇಡಿ, ಒದೆಯಬೇಡಿ ಎಂದು ಬೇಡಿಕೊಳ್ಳುವುದು. ಸಾಯಲು ಹೊರಟವಳ ಈ ಏರ್ಪಾಡಿನಲ್ಲಿ ತತ್ತ್ವವಿಲ್ಲ, ಮನೆವಾರ್ತೆಯಿದೆ. ತನ್ನ ಮಗುವನ್ನು ಓರಗಿತ್ತಿಯರ ನಡುವೆ ಬಿಟ್ಟುಹೋಗಬೇಕಾದ ಹೆಣ್ಣಿನ ಭಯವಿದೆ. ಹಾಡಿನ ಈ ಭಾಗದಲ್ಲಿಯೇ ಕೇಳುವವರ ಕಣ್ಣು ತೇವವಾಗುವುದಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕಾಗಿಲ್ಲ. ಹಾಡಿದವರೂ ಕೇಳಿದವರೂ ಅದೇ ದಿನ ಹಸುವನ್ನು ಕರೆದು, ಕೂಸಿಗೆ ಹಾಲು ಕೊಟ್ಟು ಬಂದವರಾಗಿದ್ದರು. ಕಾಳಿಂಗನೆಂಬ ಗೊಲ್ಲನು ಹಸುಗಳನ್ನು ಹೆಸರು ಹಿಡಿದು ಕರೆಯುವುದರಲ್ಲಿ ಎಷ್ಟೊಂದು ಅಕ್ಕರೆಯಿದೆ! ಆದರೆ ಅವನ ಹೆಂಡತಿಯ ಹೆಸರನ್ನು ಹಾಡು ಹೇಳುವುದಿಲ್ಲ. ಅವಳ ಪಾಲಿನ ಮಾತನ್ನೆಲ್ಲ ಹಸುವೇ ಆಡಿತೆಂದು ತೋರುತ್ತದೆ.

1931ರಲ್ಲಿ ಹಲಸಂಗಿಯ ಗೆಳೆಯರು ಗರತಿಯ ಹಾಡನ್ನು ಪ್ರಕಟಿಸಿದಾಗ ಆ ಹೆಂಗಸರ ಧ್ವನಿ ಅಚ್ಚಿನಲ್ಲಿ ಬಂದಿತು. ತವರಿನ ಸಿರಿಯನ್ನು ಎಣಿಸುವಾಗ ಅಣ್ಣತಮ್ಮಂದಿರ ಜೊತೆಗೆ ಹೈನವನ್ನೂ ದನವನ್ನೂ ನೆನೆಯುವುದು ನಮ್ಮ ತ್ರಿಪದಿಗಳ ರೂಢಿ. ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ಬೀಸುವ ಕಲ್ಲಿನ ಮುಂದೆ ಹಾಡು ಹುಟ್ಟಿತು, ಏಕೆಂದರೆ ಕೈಗೆ ಒಂದೇ ಲಯದ ಕೆಲಸ, ಜೊತೆಗೆ ಇನ್ನೊಬ್ಬಳು, ಸುತ್ತ ಕತ್ತಲೆ. ಸಗಣಿ ಬಾಚುವಾಗ ಆ ಲಯವಿಲ್ಲ. ಬಗ್ಗಬೇಕು, ಹೊರಬೇಕು, ತಿಪ್ಪೆಗೆ ನಡೆಯಬೇಕು. ಆದುದರಿಂದ ಹಟ್ಟಿಯ ಕೆಲಸದ ಬಹುಭಾಗ ಹಾಡಿಗೂ ಸಿಕ್ಕದೆ ಉಳಿಯಿತು. ಅದನ್ನು ಹಿಡಿಯಲು ಗದ್ಯ ಬರಬೇಕಾಯಿತು.

ಆ ಗದ್ಯ ಬಂದುದು ಶಿವರಾಮ ಕಾರಂತರಲ್ಲಿ. 1933ರ ಚೋಮನ ದುಡಿಯನ್ನು ಅಸ್ಪೃಶ್ಯತೆಯ ಕಾದಂಬರಿಯೆಂದು, ಭೂಮಿಯ ಹಸಿವಿನ ಕಾದಂಬರಿಯೆಂದು ಓದುವುದು ನ್ಯಾಯವೇ. ಆದರೆ ಅದನ್ನು ಒಂದು ಸಂಸಾರದ ಲೆಕ್ಕದ ಪುಸ್ತಕವಾಗಿಯೂ ಓದಬಹುದು. ಕಾಡಿನಲ್ಲಿ ಅಲೆಯುತ್ತಿದ್ದ ಜೋಡಿ ಎತ್ತುಗಳನ್ನು ಚೋಮ ತಂದು ಸಾಕಿದ್ದಾನೆ. ಎತ್ತು ಇರುವುದು ಉಳುವುದಕ್ಕೆ. ಅವನ ಜಾತಿಯವನಿಗೆ ಉಳಲು ಭೂಮಿ ಕೊಡುವವರಿಲ್ಲ. ಹೀಗಾಗಿ ಗಂಜಿಗೂ ಕೊರತೆಯಿರುವ ಗುಡಿಸಿಲಿನಲ್ಲಿ ದುಡಿಯುವ ಅವಕಾಶವೇ ಇಲ್ಲದ ಎರಡು ಜೀವಗಳಿಗೆ ದಿನವೂ ಹುಲ್ಲು, ನೀರು, ಆರೈಕೆ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಇದು ಆದಾಯವಿಲ್ಲದೆ ಖರ್ಚನ್ನು ಮಾತ್ರ ತರುವ ಆಸ್ತಿ. ಇನ್ನೊಂದು ಕಡೆ ಕಾಫಿ ತೋಟದ ಸಾಲ. ಆ ಸಾಲಕ್ಕಾಗಿ ಮಕ್ಕಳು ಘಟ್ಟ ಹತ್ತಿದರು. ಎತ್ತುಗಳು ಗುಡಿಸಿಲ ಬಳಿಯಲ್ಲಿಯೇ ಉಳಿದುವು. ಒಬ್ಬ ಮಗ ಕಾಯಿಲೆಯಿಂದ ಸತ್ತ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ವರಿಸಿ ಬೇರೆಯಾದ. ಕಡೆಗೆ ಮಗಳು ಬೆಳ್ಳಿಯೂ ಆ ಸಾಲದ ಬಾಯಿಗೆ ಬಿದ್ದಳು.

ಚೋಮನನ್ನು ಇದಕ್ಕಾಗಿ ಖಂಡಿಸುವುದು ಓದಲು ಬಾರದವರ ಕೆಲಸ. ಎತ್ತನ್ನು ಮಾರಿದ ದಿನ ಅವನು ರೈತನಾಗುವ ಆಸೆಯನ್ನೂ ಮಾರಿದಂತೆ ಎಂಬುದನ್ನು ಕಾರಂತರು ಒಂದು ವಾದವನ್ನೂ ಮುಂದಿಡದೆ ತೋರಿಸಿದ್ದಾರೆ. ಆದರೆ ಆ ಆಸೆಯ ಬಡ್ಡಿಯನ್ನು ಕಟ್ಟಿದವರು ಮಕ್ಕಳು ಎಂಬುದನ್ನೂ ಅವರು ಮುಚ್ಚಿಟ್ಟಿಲ್ಲ. ಸಾಕಿದ ದನಕ್ಕೂ ಹೆತ್ತ ಮಕ್ಕಳಿಗೂ ನಡುವೆ ತೂಕ ಸರಿಹೋಗದ ಸ್ಥಿತಿಯನ್ನು ಊರಿನ ಕಟ್ಟಳೆ ತಂದೊಡ್ಡಿತು. ತೂಗುವ ಸಂಕಟ ಮಾತ್ರ ಗುಡಿಸಿಲಿಗೆ ಬಂದಿತು. ಕೊನೆಗೆ ಎತ್ತುಗಳನ್ನು ಕಾಡಿಗೆ ಅಟ್ಟಿ ಬಾಗಿಲು ಮುಚ್ಚಿಕೊಂಡು ದುಡಿ ಬಾರಿಸುವ ಚೋಮನ ಮುಂದೆ ನಾನು ಓದಿದ ಯಾವ ದುರಂತವೂ ದೊಡ್ಡದೆನಿಸುವುದಿಲ್ಲ. ಬಿ. ವಿ. ಕಾರಂತರ 1975ರ ಚಲನಚಿತ್ರ ಸ್ವರ್ಣಕಮಲವನ್ನು ಪಡೆಯಿತು, ಚೋಮನಾದ ಎಂ. ವಿ. ವಾಸುದೇವರಾವ್ ಅವರ ಮುಖ ಕಣ್ಣ ಮುಂದಿನಿಂದ ಹೋಗುವುದಿಲ್ಲ.

ಇಲ್ಲಿ ಒಂದು ಅಡ್ಡಮಾತಿಗೆ ಅವಕಾಶ ಬೇಡುತ್ತೇನೆ. ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆ 1980ರಲ್ಲಿ ದೇಶದ ಎಲ್ಲ ವಿಭಾಗಗಳಿಗೂ ವಿಸ್ತರಿಸಿದ ಮೇಲೆ ಬ್ಯಾಂಕುಗಳು ಎಮ್ಮೆಗೆ ಸಾಲ ಕೊಡುವುದು ಸಾಮಾನ್ಯವಾಯಿತು. 2018-19ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಪಶುಪಾಲನೆಗೂ ದೊರೆಯುತ್ತಿದೆ. ಇಂಥ ಅರ್ಜಿಗಳಲ್ಲಿ ಎಮ್ಮೆಯ ಬೆಲೆ, ದಿನದ ಹಾಲು, ಹಿಂಡಿ, ಹಸಿಮೇವು, ವಿಮೆ, ಕಿವಿಯ ಬಿಲ್ಲೆ, ಬತ್ತುವ ತಿಂಗಳುಗಳು ಎಲ್ಲಕ್ಕೂ ಲೆಕ್ಕವಿದೆ. ಮೊದಲನೆಯ ಎಮ್ಮೆ ಬತ್ತುವ ಹೊತ್ತಿಗೆ ಕಂತು ನಿಲ್ಲದಿರಲೆಂದು ಕೆಲವು ತಿಂಗಳ ಅಂತರದಲ್ಲಿ ಎರಡನೆಯದನ್ನು ಕೊಡಿಸುವ ಜಾಣತನವೂ ಇದೆ. ಆದರೆ ಒಂದು ಎಮ್ಮೆಯಿಂದ ಎರಡಾದಾಗ ಮನೆಯಾಕೆ ಎಷ್ಟು ಹೊತ್ತಿಗೆ ಮುಂಚೆ ಏಳಬೇಕು, ಶಾಲೆಗೆ ಹೋಗುವ ಹುಡುಗಿ ಮೇವಿಗೆ ಎಷ್ಟು ದಿನ ನಿಂತಳು ಎಂಬುದಕ್ಕೆ ನಾನು ನೋಡಿದ ಅರ್ಜಿಗಳಲ್ಲಿ ಕಲಮು ಇಲ್ಲ. ಮನೆಯವರ ದುಡಿಮೆಯನ್ನು ಸೊನ್ನೆಯೆಂದು ಹಿಡಿದರೆ ಯಾವ ಎಮ್ಮೆಯೂ ಲಾಭದ್ದೇ.

ಆ ಸೊನ್ನೆಯ ಜಾಗದಲ್ಲಿ ನಿಜವಾದ ಅಂಕಿಯನ್ನು ಬರೆದ ಕೃತಿ, ನನ್ನ ಮಟ್ಟಿಗೆ, 1941ರ ಮರಳಿ ಮಣ್ಣಿಗೆ. ಕಡಲಿಗೂ ಹೊಳೆಗೂ ನಡುವಿನ ಕೋಡಿಯಲ್ಲಿ ರಾಮ ಐತಾಳರು ಪೌರೋಹಿತ್ಯಕ್ಕೆ ಹೊರಡುತ್ತಾರೆ. ಮನೆಯನ್ನೂ ಗದ್ದೆಯನ್ನೂ ಹೊತ್ತು ನಿಂತವರು ಹೆಂಡತಿ ಪಾರೋತಿ ಮತ್ತು ವಿಧವೆ ತಂಗಿ ಸರಸೋತಿ. ನೆರೆ ಬಂದ ಹೊಳೆಯಲ್ಲಿ ತೇಲಿ ಬರುವ ಕಟ್ಟಿಗೆಯನ್ನು ಹಿಡಿಯುವುದಕ್ಕೂ ಅವರೇ. ಕಾದಂಬರಿಯನ್ನು ಮೂರು ತಲೆಮಾರುಗಳ ಕಥೆಯೆಂದು, ಪಟ್ಟಣ ಹಳ್ಳಿಗಳ ತಿಕ್ಕಾಟವೆಂದು ವಿಮರ್ಶಕರು ಬಣ್ಣಿಸಿದ್ದಾರೆ. ಆ ವಿಂಗಡಣೆ ಗಂಡಸರ ಹೆಸರನ್ನು ಹಿಡಿದು ಆದುದು. ದುಡಿಮೆಯ ಹೆಸರಿನಿಂದ ವಿಂಗಡಿಸಿದರೆ ಪಾರೋತಿ, ಸರಸೋತಿಯರಿಂದ ನಾಗವೇಣಿಯವರೆಗೆ ಒಂದೇ ಎಳೆ ಕಡಿಯದೆ ಬರುತ್ತದೆ. ಲಚ್ಚನಲ್ಲಿ ಕಡಿದುಹೋದುದು ಗಂಡುಪೀಳಿಗೆಯ ಎಳೆ ಮಾತ್ರ. ಮೊಮ್ಮಗ ರಾಮ ಮಣ್ಣಿಗೆ ಮರಳಲು ಮಣ್ಣು ಅಲ್ಲಿ ಉಳಿದಿದ್ದುದು ಈ ಹೆಂಗಸರಿಂದ.

ಎಸ್. ಎಲ್. ಭೈರಪ್ಪನವರ 1968ರ ತಬ್ಬಲಿಯು ನೀನಾದೆ ಮಗನೆ ಗೋವಿನ ಹಾಡಿನಿಂದಲೇ ತನ್ನ ಹೆಸರನ್ನು ಪಡೆದುದು. ಅಮೆರಿಕದಲ್ಲಿ ಓದಿ, ಅಲ್ಲಿಯ ಹೆಣ್ಣನ್ನು ಮದುವೆಯಾಗಿ ಬಂದ ಮಗ ಊರಿನ ಗೋಶ್ರದ್ಧೆಯನ್ನು ಎದುರಿಸುವ ಕಥೆ. ಅದರ ಪ್ರಶ್ನೆ ದೊಡ್ಡದು, ಎರಡು ಪಕ್ಷಗಳಿಗೂ ಮಾತು ಕೊಟ್ಟಿರುವುದು ನಿಜ. ಆದರೆ ಈ ಲೇಖನದ ದೃಷ್ಟಿಯಿಂದ ಅದು ನನಗೆ ಕಾರಂತರಿಗಿಂತ ತೆಳುವಾಗಿ ಕಾಣುತ್ತದೆ. ಹಸು ಪೂಜ್ಯವೋ ಉಪಯುಕ್ತವೋ ಎಂಬ ವಾದ ಬೆಳೆದಂತೆಲ್ಲ ಅದನ್ನು ದಿನವೂ ನೋಡಿಕೊಳ್ಳುವ ಕೈಗಳು ವಾದದ ಹಿಂದೆ ಸರಿಯುತ್ತವೆ. ದೇವನೂರ ಮಹಾದೇವರ ಒಡಲಾಳದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಹಸುವೂ ಇಲ್ಲ, ವಾದವೂ ಇಲ್ಲ. ಸಾಕವ್ವನ ಕಳೆದುಹೋದ ಒಂದು ಹುಂಜ. ಆ ಹುಂಜವನ್ನು ಹುಡುಕುವ ನೆಪದಲ್ಲಿ ಇಡೀ ಸಂಸಾರ, ಅದರ ಜಗಳ, ಹಸಿವು, ನಗು ಒಂದು ರಾತ್ರಿಯೊಳಗೆ ನಮ್ಮೆದುರಿಗೆ ಬರುತ್ತದೆ. ಸಾಕಿದ ಪ್ರಾಣಿ ಮನೆಯವರಲ್ಲಿ ಒಬ್ಬನೆಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದವರು ಬೇರೆ ಇಲ್ಲ.

ಇಲ್ಲಿ, ಹೈದರಾಬಾದಿನಲ್ಲಿ, ಹೋಟೆಲಿಗೋ ಬ್ಯಾಂಕಿಗೋ ಕಾಲೇಜಿಗೋ ಬಂದು ನೆಲೆಸಿದ ನಮ್ಮಲ್ಲಿ ಬಹುಮಂದಿಗೆ 1943ರ ಬೆಟ್ಟದ ಜೀವ ಮೆಚ್ಚಿನ ಕಾದಂಬರಿ. ಕುಮಾರಪರ್ವತದ ತಪ್ಪಲಿನಲ್ಲಿ ಗೋಪಾಲಯ್ಯ, ಶಂಕರಮ್ಮ. ಮನೆಬಿಟ್ಟು ಹೋದ ಮಗ ಶಂಭು. ಸಭೆಗಳಲ್ಲಿ ನಾವು ಅದನ್ನು ಕುರಿತು ಮಾತನಾಡುವಾಗ ಹೆತ್ತವರ ಹಂಬಲವನ್ನು ನೆನೆದು ಗದ್ಗದರಾಗುತ್ತೇವೆ. ಹಟ್ಟಿಯ ಕಡೆಯಿಂದ ನೋಡಿದರೆ ಶಂಭುವಿನೊಡನೆ ಹೋದುದು ಎರಡು ಕೈಗಳು ಕೂಡ. ಅವುಗಳ ಪಾಲಿನ ಕೆಲಸ ಮುದುಕರ ಪಾಲಿಗೆ ಬಂದಿತು. ನಾವೂ ಒಂದೊಂದು ಹಟ್ಟಿಯನ್ನು ಬಿಟ್ಟು ಬಂದವರು. ನಮ್ಮ ಓದಿನ ಶುಲ್ಕ ಹಾಲಿನ ಡೇರಿಯ ಹದಿನೈದು ದಿನದ ಬಟವಾಡೆಯಿಂದ ಬಂದುದೆಂದು ಬಲ್ಲವರು ನಮ್ಮಲ್ಲಿ ಹಲವರಿದ್ದಾರೆ. ಆ ಹಾಲನ್ನು ಕರೆದವರ ದಿನ ಹೇಗಿತ್ತೆಂದು ಬರೆದಿಟ್ಟವರು ವಿರಳ.

ಆದುದರಿಂದ ಈ ಪತ್ರಿಕೆಯ ಓದುಗರಲ್ಲಿ ನನ್ನದೊಂದು ಸೂಚನೆಯಿದೆ. ಹಲಸಂಗಿಯವರು ಹಾಡನ್ನು ಸಂಗ್ರಹಿಸಿದಂತೆ, ಹಾಡಾಗದೆ ಉಳಿದ ದಿನಚರಿಯನ್ನು ಸಂಗ್ರಹಿಸಬಹುದು. ನಮ್ಮ ಮನೆಗಳಲ್ಲಿ, ಮಕ್ಕಳ ಜೊತೆ ಇರಲು ಬಂದು ಅಪಾರ್ಟ್‌ಮೆಂಟಿನಲ್ಲಿ ನೆಲೆಸಿರುವ ತಾಯಂದಿರು, ಅತ್ತೆಯಂದಿರು ಇದ್ದಾರೆ. ಎಷ್ಟು ದನ, ಯಾರು ಹಿಂಡುತ್ತಿದ್ದರು, ಬಾಣಂತನದಲ್ಲಿ ಯಾರು ನೋಡಿಕೊಂಡರು, ಹಸುವನ್ನು ಮಾರಿದ ದಿನ ಮನೆಯಲ್ಲಿ ಏನಾಯಿತು, ಕರುಗಳಿಗೆ ಏನೇನು ಹೆಸರಿಟ್ಟಿದ್ದರು: ಇಷ್ಟನ್ನು ಕೇಳಿ ಅವರವರ ಮಾತಿನಲ್ಲಿಯೇ, ಕಲಬುರಗಿಯದಾದರೆ ಕಲಬುರಗಿಯ ನುಡಿಯಲ್ಲಿ, ಕುಂದಾಪುರದ್ದಾದರೆ ಅಲ್ಲಿಯ ನುಡಿಯಲ್ಲಿ, ಬರೆದುಕೊಂಡರೆ ಸಾಕು. ಅವರಲ್ಲಿ ಅನೇಕರಿಗೆ ಎಂಬತ್ತು ದಾಟಿದೆ.