ಒಡೆದ ಪೈಪು, ಜಿನುಗಿದ ಗೋಡೆ

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರಗೆ ತಂದಾಗ ನೀರು ಎಲ್ಲಿಂದ ಬಂತೆಂದು ವಿಚಾರಿಸುವ ಅಗತ್ಯವಿರಲಿಲ್ಲ. ಮನೆವಿಮೆಯ ಜಟಿಲ ಜಗಳಗಳು ಬೇರೆ. ಅವು ಬಚ್ಚಲುಮನೆಯ ಗೋಡೆಯೊಳಗೆ ಹುಟ್ಟುತ್ತವೆ.

2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ, ನನ್ನ ಮಟ್ಟಿಗೆ, ಗ್ರಾಹಕರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರೆಂದು ಪರಿಹಾರವನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಿದ್ದ ಪದ್ಧತಿಯನ್ನು ಅದು ಕೈಬಿಟ್ಟಿತು. ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, 10 ಲಕ್ಷ ರೂಪಾಯಿ ಮೀರದಂತೆ, ಮನೆಯ ಸಾಮಾನಿಗೂ ರಕ್ಷಣೆ ಕೊಟ್ಟಿತು. ನೆರೆಯ ಜೊತೆಗೆ ಟ್ಯಾಂಕು, ಪೈಪು ಒಡೆದು ಅಥವಾ ಉಕ್ಕಿ ಆಗುವ ಹಾನಿಯೂ ಅದರ ಪಟ್ಟಿಯಲ್ಲಿದೆ. ವರ್ಷಗಟ್ಟಲೆ ಜಿನುಗಿ ಆಗುವ ಹಾನಿ ಪಟ್ಟಿಯಲ್ಲಿಲ್ಲ. ಅದು ಸರಿಯೇ: ರಿಪೇರಿ ಮಾಡಿಸದವರ ಖರ್ಚು ಎಲ್ಲರ ಪ್ರೀಮಿಯಂ ಮೇಲೆ ಬೀಳಬಾರದು.

ನನ್ನ ತಕರಾರು ಒಡೆದದ್ದಕ್ಕೂ ಜಿನುಗಿದ್ದಕ್ಕೂ ನಡುವೆ ಗೆರೆ ಎಳೆಯುವ ರೀತಿಯ ಬಗ್ಗೆ. ಪೈಪು ಒಡೆದು ಎಷ್ಟೋ ದಿನಗಳ ಮೇಲೆ ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ಬರುತ್ತಾರೆ. ಅಷ್ಟರಲ್ಲಿ ಪ್ಲಂಬರ್ ಕೆಲಸ ಮುಗಿಸಿರುತ್ತಾನೆ, ನೆಲ ಒಣಗಿರುತ್ತದೆ, ಕಣ್ಣಿಗೆ ಬೀಳುವುದು ಗೋಡೆಯ ಹಳೇ ಬೂಷ್ಟು ಮಾತ್ರ. ವರದಿಯಲ್ಲಿ ‘ಸೀಪೇಜ್’, ಅಂದರೆ ಜಿನುಗು, ಎಂದು ಬರೆದರೆ ಕ್ಲೇಮ್ ಪೂರ್ತಿ ಬಿದ್ದುಹೋಗುತ್ತದೆ. ಹಳೇ ತೇವವಿದ್ದ ಮನೆಯಲ್ಲೇ ಒಂದು ರಾತ್ರಿ ಪೈಪು ಒಡೆದು ಮರದ ನೆಲ, ಕಪಾಟು ಹಾಳಾಗಬಹುದು. ಆಗ ಎರಡನ್ನೂ ಬೇರ್ಪಡಿಸಿ, ಬೂಷ್ಟು ಹಿಡಿದ ಗೋಡೆಯ ಲೆಕ್ಕ ಬಿಟ್ಟು ಉಳಿದದ್ದಕ್ಕೆ ಹಣ ಕೊಡಬೇಕು. ಇದು ಶ್ರಮದ ಕೆಲಸ; ಆ ಶ್ರಮ ಪಡದೆ ಬರೆದ ವರದಿಯನ್ನು ತಜ್ಞರ ಅಭಿಪ್ರಾಯವೆಂದು ನಾನು ಒಪ್ಪಲಾರೆ. ಸರ್ವೇಯರ್‌ಗೆ ಪರವಾನಗಿ ಇರುತ್ತದೆ ನಿಜ, ಆದರೆ ಅವರನ್ನು ನೇಮಿಸಿ ಶುಲ್ಕ ಕೊಡುವುದು ವಿಮಾ ಕಂಪನಿ.

ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ, ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅದು ವಾಹನ ವಿಮೆಯದಾದರೂ ತತ್ವ ಮನೆಗೂ ಸಲ್ಲುತ್ತದೆ. ಹಾಗಾಗಿ ಒಡೆದ ಪೈಪಿನ ತುಂಡು, ತಾರೀಖು ಕಾಣುವ ಫೋಟೊ, ಪ್ಲಂಬರ್ ಬಿಲ್ಲು ಜೋಪಾನವಾಗಿರಲಿ. ತಿರಸ್ಕಾರದ ಪತ್ರ ಬಂದರೆ ಸರ್ವೇ ವರದಿಯ ಪ್ರತಿಯನ್ನು ಬರಹದಲ್ಲೇ ಕೇಳಿ. ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.