ಬಳೆಚೂರಿನ ಬನ: ನೇಕ್ ಚಂದರ ಶಿಲೋದ್ಯಾನ

ನಿಸರ್ಗವನ್ನು ಕೊಂಡಾಡುವ ಕಲಾಕೃತಿಯನ್ನು ವಿಮರ್ಶಿಸುವಾಗ ಅದರ ಆಕಾರ, ವರ್ಣ, ಭಾವಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಈ ಸಾಮಗ್ರಿ ಎಲ್ಲಿಂದ ಬಂತು? ಯಾವ ಜೀವಕ್ಕೆ ನೋವಾಗಿ ಬಂತು? ಕಲ್ಲು, ಲೋಹ, ಗಾಜು, ಬಟ್ಟೆಗಳನ್ನು ಒಂದೇ ಕೃತಿಯಲ್ಲಿ ಬೆರೆಸುವ ಮಿಶ್ರಮಾಧ್ಯಮ ಕಲೆಯಂತೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರದು. ಚಂಡೀಗಢದ ರಾಕ್ ಗಾರ್ಡನ್ ಈ ಪರೀಕ್ಷೆಯಲ್ಲಿ ಪೂರ್ಣವಾಗಿ ಅಲ್ಲದಿದ್ದರೂ ಬಹುಮಟ್ಟಿಗೆ ನಿಲ್ಲುತ್ತದೆ.

1924ರಲ್ಲಿ ಹುಟ್ಟಿ, ದೇಶವಿಭಜನೆಯಲ್ಲಿ ಊರನ್ನು ಕಳೆದುಕೊಂಡು ಬಂದ ನೇಕ್ ಚಂದ್ ಸೈನಿಯವರು ಚಂಡೀಗಢದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದರು. ಲ ಕಾರ್ಬೂಸಿಯೇ ಯೋಜಿಸಿದ ಹೊಸ ರಾಜಧಾನಿಗಾಗಿ ಹಲವು ಹಳ್ಳಿಗಳು ನೆಲಸಮವಾಗಿದ್ದವು. ಆ ಮನೆಗಳ ಅವಶೇಷಗಳನ್ನೂ ಹೊಳೆಯ ಪಾತ್ರದ ವಿಚಿತ್ರಾಕೃತಿಯ ಕಲ್ಲುಗಳನ್ನೂ ಅವರು ಸೈಕಲ್ಲಿನ ಮೇಲೆ ಹೇರಿ ತಂದು, 1950ರ ದಶಕದ ಕೊನೆಯಿಂದ ಕಾಡಿನ ಮರೆಯಲ್ಲಿ ಗುಟ್ಟಾಗಿ ಜೋಡಿಸತೊಡಗಿದರು. ಸರ್ಕಾರಕ್ಕೆ ಇದು ತಿಳಿದುದು ಹಲವು ವರ್ಷಗಳ ಬಳಿಕ. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು.

ಇಲ್ಲಿನ ಬಳೆಚೂರಿನ ಸ್ತ್ರೀಪ್ರತಿಮೆಗಳನ್ನು ನಿಧಾನವಾಗಿ ನೋಡಬೇಕು. ಒಡೆದ ಬಳೆಯನ್ನು ಕರಗಿಸಿ ಹೊಸ ಗಾಜು ಮಾಡಿಲ್ಲ. ಚೂರುಗಳನ್ನು ಒತ್ತೊತ್ತಾಗಿ ಕೂರಿಸಿ ಉಡುಪಿನ ನೆರಿಗೆಯನ್ನು ಮೂಡಿಸಲಾಗಿದೆ. ಹತ್ತಿರದಿಂದ ಬಳೆ, ದೂರದಿಂದ ಸೀರೆ. ಒಡೆದ ಪಿಂಗಾಣಿ, ಕೆಟ್ಟ ಟ್ಯೂಬ್‌ಲೈಟು, ವಿದ್ಯುತ್ ಸಾಕೆಟ್ಟು, ಕ್ಷೌರದಂಗಡಿಯ ಕೂದಲು ಕೂಡ ಇಲ್ಲಿ ತಮ್ಮ ಹಿಂದಿನ ಬಾಳನ್ನು ಮುಚ್ಚಿಡುವುದಿಲ್ಲ. ಬಿಸಾಡಿದ ಕೈ ಯಾವುದೆಂದು ನೋಡುವವನಿಗೆ ನೆನಪಾಗುತ್ತದೆ. ಆ ಕೈ ತನ್ನದೇ ಆಗಿರಬಹುದು. ಜೀರ್ಣೋದ್ಧಾರದ ಸಮಯದಲ್ಲಿ ಹಳೆಯ ಹಂಚು, ಚಪ್ಪಡಿಗಳನ್ನು ಲಾರಿಗೆ ತುಂಬಿಸಿ, ಉತ್ಸವದ ಮಂಟಪಕ್ಕೆ ಥರ್ಮಾಕೋಲಿನ ಕಮಲ ತರಿಸುವ ಬಸದಿಗಳ ವ್ಯವಸ್ಥಾಪಕರು ಈ ಪ್ರತಿಮೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಇದಕ್ಕೆ ಎದುರಾಗಿ ಲಂಡನ್ನಿನ ಡೇಮಿಯನ್ ಹರ್ಸ್ಟ್ ಅವರ ‘ಇನ್ ಅಂಡ್ ಔಟ್ ಆಫ್ ಲವ್’ ಕೃತಿಯನ್ನಿಟ್ಟು ನೋಡಬಹುದು. 1991ರ ಈ ಕೃತಿಯಲ್ಲಿ ಜೀವಂತ ಚಿಟ್ಟೆಗಳೇ ಸಾಮಗ್ರಿ. 2012ರಲ್ಲಿ ಟೇಟ್ ಮಾಡರ್ನ್ ಸಂಗ್ರಹಾಲಯದಲ್ಲಿ ಇದನ್ನು ಮತ್ತೆ ಏರ್ಪಡಿಸಿದಾಗ 23 ವಾರಗಳಲ್ಲಿ 9,000ಕ್ಕೂ ಹೆಚ್ಚು ಚಿಟ್ಟೆಗಳು ಸತ್ತವು. ಅವು ಸಹಜ ಜೀವಿತದ ಕೊನೆಯ ಘಟ್ಟವನ್ನೇ ಅಲ್ಲಿ ಕಳೆದವೆಂಬುದು ಸಮರ್ಥಕರ ವಾದ. ನೋಡುಗರ ಕಾಲಡಿ ಸಿಕ್ಕಿದವುಗಳಿಗೆ ಆ ವಾದ ಸಲ್ಲದು. ಜೀವನದ ಅನಿತ್ಯತೆಯನ್ನು ಅರುಹಲು ಚತುರಿಂದ್ರಿಯ ಜೀವಿಗಳನ್ನು ಕೂಡಿಹಾಕುವ ಅಗತ್ಯವಿರಲಿಲ್ಲ. ಶ್ರಾವಕಾಚಾರದ ಭಾಷೆಯಲ್ಲಿ ಇದು ಅನರ್ಥದಂಡ.

ಹಾಗೆಂದು ನೇಕ್ ಚಂದರನ್ನು ದೋಷರಹಿತರೆಂದು ಹೊಗಳುವುದೂ ವಿಮರ್ಶೆಯಾಗದು. ಬಿಸಾಡಿದ ವಸ್ತುವಿಗೆ ಒಡೆಯನಿಲ್ಲ, ಸರಿ. ಆದರೆ ಅವರು ಕಟ್ಟಿದ ನೆಲ ಸರ್ಕಾರದ್ದು, ಕಟ್ಟಡಗಳಿಗೆ ನಿಷಿದ್ಧವಾಗಿದ್ದ ಕಾಡು. ಅನುಮತಿಯಿಲ್ಲದೆ ಬಳಸಿದ್ದು ಅದತ್ತವೇ. ಅಭಿಮಾನಿಗಳು ಈ ಪ್ರಸಂಗವನ್ನು ಸಾಹಸವೆಂದು ರಂಜಿಸಿ ಹೇಳುವಾಗ ಈ ತೊಡಕು ಮರೆಯಾಗುತ್ತದೆ. ಲಾಭದ ಆಸೆಯಾಗಲಿ ಸ್ವಾಮ್ಯದ ಹಂಬಲವಾಗಲಿ ಅಲ್ಲಿರಲಿಲ್ಲವೆಂಬುದು ದೋಷವನ್ನು ಹಗುರಗೊಳಿಸೀತು, ಅಳಿಸದು. ಇನ್ನು ಸಿಮೆಂಟು. ತ್ಯಾಜ್ಯವನ್ನು ಹಿಡಿದಿಡುವ ಈ ಅಂಟು ಮಾತ್ರ ತ್ಯಾಜ್ಯವಲ್ಲ. ಸುಣ್ಣಕಲ್ಲನ್ನು ಅಗೆದು ಸುಟ್ಟು ಮಾಡಿದ್ದು. ಸರ್ಕಾರದ ಕೂಲಿಯಾಳುಗಳ ನೆರವು ದೊರೆತ ಮೇಲೆ ಎದ್ದ ಕೃತಕ ಜಲಪಾತ, ಕಾಂಕ್ರೀಟಿನ ಬೇರು, ಉಯ್ಯಾಲೆಗಳಲ್ಲಿ ಈ ಅಂಟಿನ ಪಾಲು ಹೆಚ್ಚಿತು, ಆಯ್ಕೆಯ ಎಚ್ಚರ ಕಡಿಮೆಯಾಯಿತು. ಮೊದಲ ಭಾಗದ ಇಕ್ಕಟ್ಟಾದ ದಾರಿ, ತಲೆ ಬಾಗಿಸಿ ನಡೆಸುವ ಬಾಗಿಲುಗಳು ಕೊಡುವ ವಿನಯ ಆ ಭವ್ಯತೆಯಲ್ಲಿಲ್ಲ.

1996ರಲ್ಲಿ ಅವರು ವಿದೇಶ ಪ್ರವಾಸದಲ್ಲಿದ್ದಾಗ ದುಷ್ಕರ್ಮಿಗಳು ಪ್ರತಿಮೆಗಳನ್ನು ಒಡೆದರು. ಅವರು 2015ರಲ್ಲಿ ತೀರಿಕೊಂಡರು. 2025ರಲ್ಲಿ ರಸ್ತೆ ಅಗಲಿಸುವುದಕ್ಕಾಗಿ ಉದ್ಯಾನದ ಗೋಡೆಯ ಒಂದು ಭಾಗವನ್ನು ನಾಗರಿಕರ ಪ್ರತಿಭಟನೆಯ ನಡುವೆಯೇ ಕೆಡವಲಾಯಿತು. ನಗರ ಕಟ್ಟಲು ಕೆಡವಿದ ಮನೆಗಳ ಚೂರಿನಿಂದ ಎದ್ದ ಕೃತಿಯ ಅಂಚು ಅದೇ ನಗರದ ವಾಹನಗಳಿಗಾಗಿ ಮತ್ತೆ ಚೂರಾಯಿತು.