ಅಡುಗೆಮನೆಯ ಸರಿರಾತ್ರಿ

ಇಥಾಕಾದ ಅರಮನೆಯಲ್ಲಿ ನೂರೆಂಟು ಮಂದಿಯ ಹೆಣ ಉರುಳುವಾಗ ಮನೆಯೊಡತಿ ಪೆನೆಲೋಪಿ ಮಾಳಿಗೆಯ ಮೇಲೆ ಗಾಢ ನಿದ್ದೆಯಲ್ಲಿರುತ್ತಾಳೆ. ಅಥೀನಾ ದೇವಿಯೇ ಅವಳಿಗೆ ನಿದ್ದೆ ಕವಿಸಿದ್ದಾಳೆ. ಎಲ್ಲ ಮುಗಿದು, ರಕ್ತ ತೊಳೆದು, ಗಂಧಕದ ಹೊಗೆ ಹಾಕಿದ ಮೇಲೆ ಮುದುಕಿ ಯೂರಿಕ್ಲಿಯಾ ಮೆಟ್ಟಿಲೇರಿ ಹೋಗಿ ಎಬ್ಬಿಸುತ್ತಾಳೆ. ಹೋಮರನ ಒಡಿಸ್ಸಿ ನನಗೆ ಎಷ್ಟು ಪ್ರಿಯವೋ ಈ ನಿದ್ದೆಯ ಬಗ್ಗೆ ಅಷ್ಟೇ ತಕರಾರು. ಇಪ್ಪತ್ತು ವರ್ಷ ಕಾದವಳು ಆ ಹೊತ್ತಿನಲ್ಲಿ ಮಲಗಿರಬಾರದಿತ್ತು.

ಗದುಗಿನ ನಾರಣಪ್ಪನ ಭಾರತದಲ್ಲಿ ಇದು ತಿರುವುಮುರುವು. ಅಲ್ಲಿ ಮಲಗಿರುವವನು ಗಂಡ, ಎಬ್ಬಿಸುವವಳು ಹೆಂಡತಿ.

ಕತೆ ಎರಡೂ ಒಂದೇ ಜಾಡಿನವು. ಹತ್ತು ವರ್ಷ ಯುದ್ಧ, ಹತ್ತು ವರ್ಷ ಅಲೆದಾಟ ಮುಗಿಸಿದ ಒಡಿಸ್ಯೂಸ್ ಭಿಕ್ಷುಕನ ವೇಷದಲ್ಲಿ ತನ್ನದೇ ಮನೆಯ ಹೊಸ್ತಿಲಲ್ಲಿ ಕೂರುತ್ತಾನೆ. ಒಳಗೆ ಅವನ ಹೆಂಡತಿಯನ್ನು ಮದುವೆಯಾಗಲು ಬಂದ ಪುಂಡರು ಅವನ ಕುರಿ ಹಂದಿಗಳನ್ನೇ ಕೊಯ್ದು ತಿನ್ನುತ್ತಿದ್ದಾರೆ. ಪಾಂಡವರದು ಹನ್ನೆರಡು ವರ್ಷ ವನವಾಸ, ಮೇಲೊಂದು ವರ್ಷ ಅಜ್ಞಾತವಾಸ. ಧರ್ಮರಾಯ ಕಂಕಭಟ್ಟನಾಗಿ, ಭೀಮ ಬಾಣಸಿಗ ವಲಲನಾಗಿ, ಅರ್ಜುನ ಬೃಹನ್ನಳೆಯಾಗಿ, ದ್ರೌಪದಿ ಸೈರಂಧ್ರಿಯಾಗಿ ವಿರಾಟನ ಮನೆಯಲ್ಲಿ ಊಳಿಗಕ್ಕೆ ನಿಲ್ಲುತ್ತಾರೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು: ಒಡಿಸ್ಯೂಸ್ ತಿರುಗಿ ಬಂದದ್ದು ಸ್ವಂತ ಮನೆಗೆ, ಇವರು ಹೊಕ್ಕದ್ದು ಪರರ ಮನೆ. ಬಾಯಿ ಬಿಟ್ಟರೆ ಮತ್ತೆ ಹನ್ನೆರಡು ವರ್ಷ ಕಾಡು. ಹಾಗಾಗಿ ಅವಡುಗಚ್ಚಿ ಇರುವ ಕಷ್ಟ ಇವರಿಗೇ ಹೆಚ್ಚು.

ಅವಮಾನಗಳೂ ಜೋಡಿಜೋಡಿಯಾಗಿ ಬರುತ್ತವೆ. ಆಂಟಿನೂಸ್ ಎಂಬ ಪುಂಡ ಭಿಕ್ಷುಕನ ಹೆಗಲಿಗೆ ಕಾಲ್ಮಣೆ ಬೀಸಿ ಹೊಡೆಯುತ್ತಾನೆ. ವಿರಾಟ ಪಗಡೆಯಾಟದ ನಡುವೆ ಸಿಟ್ಟಾಗಿ ದಾಳವನ್ನು ಕಂಕನ ಮುಖಕ್ಕೇ ಎಸೆಯುತ್ತಾನೆ. ರಕ್ತ ಸುರಿದರೂ ಕಂಕ ತುಟಿ ಬಿಚ್ಚುವುದಿಲ್ಲ. ವಿರಾಟನ ಮೈದುನ ಕೀಚಕ ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಒದ್ದಾಗ ಭೀಮನ ಕಣ್ಣು ಅಲ್ಲೇ ಇದ್ದ ಮರದ ಮೇಲೆ ಹೋಗುತ್ತದೆ. ಅಡುಗೆಯವನೇ, ಸೌದೆ ಬೇಕಿದ್ದರೆ ಬೇರೆ ಕಡೆ ನೋಡಿಕೋ ಎಂದು ಧರ್ಮರಾಯ ಒಗಟಿನಲ್ಲೇ ತಡೆಯುತ್ತಾನೆ. ಒಡಿಸ್ಯೂಸ್‌ಗೆ ಹೀಗೆ ತಡೆಯುವ ಅಣ್ಣನಿಲ್ಲ. ರಾತ್ರಿ ಮಲಗಿದಲ್ಲೇ, ತನ್ನ ಮನೆಯ ದಾಸಿಯರು ನಗುತ್ತ ಪುಂಡರ ಬಳಿಗೆ ಹೋಗುವುದನ್ನು ಕಂಡು ಅವನ ಎದೆ ಗುರುಗುಟ್ಟುತ್ತದೆ. ಆ ಎದೆಯನ್ನು ತಾನೇ ಗುದ್ದಿ, ಒಕ್ಕಣ್ಣ ರಾಕ್ಷಸನ ಗುಹೆಯಲ್ಲಿ ಇದಕ್ಕಿಂತ ಹೆಚ್ಚಿನದನ್ನು ತಡೆದುಕೊಂಡೆಯಲ್ಲ ಎಂದು ಗದರಿಸಿಕೊಳ್ಳುತ್ತಾನೆ. ಇಂಥ ಕತೆಗಳ ರುಚಿ ಇರುವುದು ಈ ತಡೆಯಲ್ಲಿ. ಕೊಲೆಯನ್ನು ಯಾರು ಬೇಕಾದರೂ ಹಾಡಿಯಾರು.

ಈಗ ಅಡುಗೆಮನೆಗೆ ಬರೋಣ. ಸರಿರಾತ್ರಿ ದ್ರೌಪದಿ ಎದ್ದು ಕೂತು ಐವರು ಗಂಡಂದಿರನ್ನೂ ಒಬ್ಬೊಬ್ಬರನ್ನಾಗಿ ತೂಗಿ ನೋಡುತ್ತಾಳೆ. ಹಿರಿಯನಿಗೆ ಹೇಳಿದರೆ ಧರ್ಮದ ಪಾಠ, ಅರ್ಜುನ ಅಣ್ಣನ ಮಾತು ಮೀರುವವನಲ್ಲ, ಕಿರಿಯರಿಂದ ಆಗುವ ಕೆಲಸವಲ್ಲ. ಉಳಿದವನು ಒಬ್ಬನೇ. ಕತ್ತಲಲ್ಲಿ ಹೆಜ್ಜೆಯ ಸದ್ದಾಗದಂತೆ ಬಂದು, ಮುಸುಕು ಸರಿಸಿ, ಗಲ್ಲ ಅಲುಗಿಸಿ ಎಬ್ಬಿಸುತ್ತಾಳೆ. ಭೀಮ ಎದ್ದೊಡನೆ ಗದೆಗೆ ಕೈಹಾಕುವುದಿಲ್ಲ, ಕವಿಯ ಧೈರ್ಯ ಕಾಣುವುದು ಇಲ್ಲೇ. ಅಣ್ಣನ ಮಾತು ಮೀರಲಾರೆ, ಉಳಿದ ಗಂಡಂದಿರಿಗೆ ಹೇಳಿಕೋ ಹೋಗು ಎಂದು ಕೊಂಕು ನುಡಿಯುತ್ತಾನೆ. ಆಗ ಅವಳ ಬಾಯಿಂದ ಬರುವುದು ಕನ್ನಡದ ಅತ್ಯಂತ ಉರಿಯುವ ಪ್ರಶ್ನೆ: ಐವರು ಸೇರಿ ಒಬ್ಬಳನ್ನು ಕಾಯಲಾಗದ ನೀವು ಗಂಡಸರು ಹೌದೋ ಅಲ್ಲವೋ? ಅಷ್ಟು ಹೊತ್ತು ಮೊಂಡಾಗಿದ್ದ ಭೀಮ ಕರಗುತ್ತಾನೆ, ಕಣ್ಣೀರು ಒರೆಸುತ್ತಾನೆ. ಕೀಚಕ ನಾಟ್ಯಶಾಲೆಯಲ್ಲಿ ಮುದ್ದೆಯಾಗುವುದು ಮರುರಾತ್ರಿಯ ಮಾತು. ಆದರೆ ಅವನ ಆಯುಷ್ಯ ತೀರಿದ್ದು ಈ ಅಡುಗೆಮನೆಯಲ್ಲೇ.

ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಅಂದಿನ ಪುಲಿಗೆರೆ, ಅಲ್ಲಿಯ ತಿರುಳ್ಗನ್ನಡವನ್ನು ಮೆಚ್ಚಿ ಕಾವ್ಯಕ್ಕೆ ಹಿಡಿದ ಪಂಪ 941ರ ವಿಕ್ರಮಾರ್ಜುನ ವಿಜಯದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ. ಅಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ. ಪಂಪನ ಮೇಲೆ ನನಗಿರುವ ಗೌರವಕ್ಕೆ ಕುಂದಿಲ್ಲದೆ ಹೇಳುತ್ತೇನೆ, ಅದು ದೊಡ್ಡ ನಷ್ಟ.

ಕೀಚಕನ ಕತೆ ಬರೀ ಪುರಾಣವಾಗಿ ಉಳಿಯಲಿಲ್ಲ ಎಂಬುದಕ್ಕೂ ಸಾಕ್ಷಿಯಿದೆ. 1907ರಲ್ಲಿ ಖಾಡಿಲ್ಕರರ ಮರಾಠಿ ನಾಟಕ ‘ಕೀಚಕವಧ’ ರಂಗಕ್ಕೆ ಬಂದಾಗ ಜನ ಕೀಚಕನಲ್ಲಿ ಲಾರ್ಡ್ ಕರ್ಜನ್ನನನ್ನು, ಧರ್ಮರಾಯನಲ್ಲಿ ಮಂದಗಾಮಿಗಳನ್ನು, ಭೀಮನಲ್ಲಿ ತೀವ್ರಗಾಮಿಗಳನ್ನು ಕಂಡರು. 1910ರಲ್ಲಿ ಸರ್ಕಾರ ಆಟವನ್ನೇ ನಿಷೇಧಿಸಿತು. ಇದು ನಾರಣಪ್ಪನ ಊರಿಗೆ ದೂರದ ಸುದ್ದಿಯೂ ಅಲ್ಲ: ಗದಗ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜಕ್ಕೆ ಸೇರಿದ್ದವು.

ಮಳೆ ಹೋದ ವರ್ಷ, ಈ ಅಜ್ಞಾತವಾಸದ ಕತೆ ಹೇಳುವ ವಿರಾಟಪರ್ವ ಓದಿಸುವ ರೂಢಿ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿದೆ. ಅದಕ್ಕೆ ಕಾವ್ಯದೊಳಗೇ ಆಧಾರವಿದೆ. ಪಾಂಡವರನ್ನು ಹುಡುಕಲು ಹೋದ ಗೂಢಚಾರರು ಬರಿಗೈಯಲ್ಲಿ ಬಂದಾಗ ಭೀಷ್ಮ ಗುರುತು ಹೇಳುತ್ತಾನೆ: ಧರ್ಮರಾಯ ಇರುವ ನಾಡಿನಲ್ಲಿ ಮಳೆ ಹೊತ್ತಿಗೆ ಸರಿಯಾಗಿ ಬೀಳುತ್ತದೆ, ಬೆಳೆ ತುಂಬಿರುತ್ತದೆ, ಅಲ್ಲಿ ಹುಡುಕಿ. ಒಡಿಸ್ಸಿಯ ಹತ್ತೊಂಬತ್ತನೆಯ ಭಾಗದಲ್ಲಿ ಭಿಕ್ಷುಕನ ವೇಷದ ಗಂಡ ಪೆನೆಲೋಪಿಯನ್ನು ಹೊಗಳುವುದೂ ಹೀಗೆಯೇ: ನ್ಯಾಯವಂತ ದೊರೆಯ ಆಳ್ವಿಕೆಯಲ್ಲಿ ಕರಿನೆಲ ಗೋಧಿ, ಜವೆ ಬೆಳೆಯುತ್ತದೆ, ಮರಗಳು ಹಣ್ಣಿನ ಭಾರಕ್ಕೆ ಬಾಗುತ್ತವೆ, ನಿನ್ನ ಕೀರ್ತಿ ಅಂಥದು ಎನ್ನುತ್ತಾನೆ. ಮುಂಡರಗಿ ಕಡೆಯ ಎರೆಹೊಲದವರಿಗೆ ಈ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟಾದರೂ ಗುರುತು ಹಿಡಿಯುವ ಕಲೆಯಲ್ಲಿ ಹೋಮರನೇ ಮೇಲು ಎಂದು ಒಪ್ಪಬೇಕು. ಕಾಲು ತೊಳೆಯುವಾಗ ಹಳೆಯ ಹಂದಿಕೋರೆಯ ಗಾಯ ಕೈಗೆ ತಾಕಿ ಯೂರಿಕ್ಲಿಯಾ ಬೆಚ್ಚುವುದು, ಕದಲಿಸಲಾಗದ ಮಂಚವನ್ನು ಹೊರಗೆ ಹಾಕಿಸಿ ಎಂದು ಪೆನೆಲೋಪಿ ಗಂಡನನ್ನು ಪರೀಕ್ಷಿಸುವುದು, ಇವಕ್ಕೆ ಸಮ ನಮ್ಮಲ್ಲಿಲ್ಲ. ನಮ್ಮಲ್ಲಿ ಬನ್ನಿಮರದಿಂದ ಗಾಂಡೀವ ಇಳಿದ ಮೇಲೂ ವಿರಾಟನ ಮಗ ಉತ್ತರಕುಮಾರನಿಗೆ ಅರ್ಜುನ ತನ್ನ ಹತ್ತು ಹೆಸರುಗಳನ್ನು ಬಿಡಿಸಿ ಹೇಳಬೇಕಾಗುತ್ತದೆ. ಆದರೆ ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಗೆ ಮೂಲವಾದ ಆ ಹುಡುಗನಂಥ ನಗೆಯ ಪಾತ್ರ ಇಥಾಕಾದಲ್ಲಿಲ್ಲ. ಲೆಕ್ಕ ಸರಿಹೋಯಿತು.

ಈ ಕಾವ್ಯವನ್ನು ಹಾಡಿ ಓದುವ ಗಮಕಿಗಳಲ್ಲಿ ನನ್ನದೊಂದು ಬಿನ್ನಹ. ಸಮಯ ಕಡಿಮೆಯೆಂದು ಹಲವರು ಅಡುಗೆಮನೆಯನ್ನು ನಾಲ್ಕು ಪದ್ಯಗಳಲ್ಲಿ ದಾಟಿ ನಾಟ್ಯಶಾಲೆಗೆ ಓಡುತ್ತಾರೆ, ಸೀರೆಯುಟ್ಟ ಭೀಮನಿಗೆ ಬರುವ ಚಪ್ಪಾಳೆ ಬೇಗ ಸಿಗಲೆಂದು. ಭಾಮಿನಿ ಷಟ್ಪದಿಯ ಮೂರನೆಯ, ಆರನೆಯ ಸಾಲುಗಳು ಉದ್ದ. ಮಾತು ಕಟ್ಟಿ ನಿಂತು, ಉಸಿರೆಳೆದುಕೊಂಡು ಮುಂದೆ ಹೋಗುವುದಕ್ಕೆ ಅಲ್ಲಿ ಎಡೆಯಿದೆ, ದ್ರೌಪದಿಯ ದೂರಿಗೆ ಆ ಎಡೆ ಬೇಕು. ಒಂದು ಸಂಜೆ ಪೂರ್ತಿ ಅಡುಗೆಮನೆಗೇ ಕೊಡಿ, ಕೊಲೆಯನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಭೀಮನೂ ಒಂದು ದಿನ ಕಾದಿದ್ದ.